ಶಾಂತಾ ಹುಬಳೀಕರ್ ಉಸಿರೆಳೆದುಕೊಳ್ಳುವ ಸದ್ದು: ಹಳೆಯ ಪ್ಲೇಟು ಹಾಡಿಸಿಕೊಡುವ ಹುಬ್ಬಳ್ಳಿಯ ಅಂಗಡಿ

ಮನೆಯ ಅಟ್ಟದ ಮೇಲೆ ಹಳೆಯ ಗ್ರಾಮಫೋನ್ ಪ್ಲೇಟು ಇಟ್ಟುಕೊಂಡವರು ಧೈರ್ಯವಾಗಿ ಈ ಅಂಗಡಿಗೆ ಹೋಗಬಹುದು. ಆದರೆ ಪ್ಲೇಟು ಕೈಗೆ ಕೊಡುವಾಗಲೇ ಎರಡು ಮಾತು ಹೇಳಿ ಬರಬೇಕು. ಆ ಎರಡು ಮಾತು ಯಾವುವೆಂದು ತಿಳಿಯಲು ನನಗೆ ಮೂರು ವಾರ ಮತ್ತು ನಾಲ್ಕು ಓಡಾಟ ಬೇಕಾಯಿತು. ಬೇರೆಯವರಿಗೆ ಅಷ್ಟು ತಿರುಗಾಟ ಬೇಡವೆಂದು ಇದನ್ನು ಬರೆಯುತ್ತಿದ್ದೇನೆ.

ನಮ್ಮ ಮನೆಯಲ್ಲಿ ಉಳಿದದ್ದು ಒಂದೇ ಪ್ಲೇಟು. ಹತ್ತು ಇಂಚಿನದು, ಕಪ್ಪು, ಅಂಚಿನಲ್ಲಿ ಅಕ್ಕಿಕಾಳಿನಷ್ಟು ಚಕ್ಕೆ ಎದ್ದಿದೆ. ನಡುವಿನ ಕಾಗದ ಸವೆದು ಬಿಳಿಚಿದೆ. ದೇವನಾಗರಿಯ ಎರಡು ಮೂರು ಅಕ್ಷರ ಬಿಟ್ಟರೆ ಏನೂ ಓದಲು ಬರುವುದಿಲ್ಲ. ಅಜ್ಜ ಮದ್ರಾಸ್ ಮತ್ತು ಸದರ್ನ್ ಮರಾಠಾ ರೈಲ್ವೆಯಲ್ಲಿ ಫೈರ್‌ಮನ್ ಆಗಿದ್ದರು. ಮೀಟರ್ ಗೇಜ್ ಗಾಡಿಯ ಮೇಲೆ ಮೀರಜ್‌ಗೆ ಹೋದಾಗ ಅಲ್ಲಿನ ಪೇಟೆಯಲ್ಲಿ ಕೊಂಡು, ಧೋತರದಲ್ಲಿ ಸುತ್ತಿ ತಂದದ್ದಂತೆ. ಹಾಡು ‘ಕಶಾಲಾ ಉದ್ಯಾಚೀ ಬಾತ್’, ಶಾಂತಾ ಹುಬಳೀಕರ್ ಹಾಡಿದ ಮರಾಠಿ ಚಿತ್ರಗೀತೆ. ನಾಳೆಯ ಮಾತು ಈಗೇಕೆ ಎಂದು ಅರ್ಥ. ನಮ್ಮ ಅವ್ವನಿಗೆ ಮರಾಠಿ ಬರುತ್ತಿರಲಿಲ್ಲ. ಆದರೂ ರೊಟ್ಟಿ ಬಡಿಯುವಾಗ ಈ ಹಾಡು ತಾನಾಗಿಯೇ ಅವಳ ಬಾಯಿಗೆ ಬರುತ್ತಿತ್ತು. ಮನೆಯ ಗ್ರಾಮಫೋನಿನ ಸ್ಪ್ರಿಂಗ್ ಮುರಿದದ್ದು ನಾನು ಶಾಲೆಯಲ್ಲಿದ್ದಾಗ. ಆಮೇಲೆ ಪ್ಲೇಟು ಮೂಕವಾಯಿತು. ಅವ್ವ ಮಾತ್ರ ಹಾಡುತ್ತಲೇ ಇದ್ದಳು.

ಹೋದ ವರ್ಷ ಮೊದಲು ಬೇರೊಂದು ಕಡೆ ಒಯ್ದಿದ್ದೆ. ಮದುವೆ ವಿಡಿಯೊ, ಕ್ಯಾಸೆಟ್ಟು ಎಲ್ಲವನ್ನೂ ಪೆನ್‌ಡ್ರೈವ್‌ಗೆ ಇಳಿಸಿಕೊಡುವ ಜಾಗ ಅದು. ಹುಡುಗ ಅರ್ಧ ಗಂಟೆಯಲ್ಲಿ ಕೆಲಸ ಮುಗಿಸಿಕೊಟ್ಟ. ಮನೆಗೆ ಬಂದು ಕೇಳಿದರೆ ಕಾದ ಎಣ್ಣೆಗೆ ಸಾಸಿವೆ ಬಿದ್ದ ಸದ್ದು, ಅದರ ಹಿಂದೆ ಎಲ್ಲೋ ಒಂದು ಹೆಣ್ಣುದನಿ. ಪ್ಲೇಟೇ ಸತ್ತುಹೋಗಿದೆ ಎಂದುಕೊಂಡೆ. ತಪ್ಪು ಸೂಜಿಯದು ಎಂದು ಗೊತ್ತಾದದ್ದು ಈ ಅಂಗಡಿಯಲ್ಲಿ.

ಸ್ಟೇಷನ್ ರಸ್ತೆಯಿಂದ ಒಳಗೆ ತಿರುಗುವ ಗಲ್ಲಿಯೊಂದರಲ್ಲಿ, ಮೊದಲ ಮಹಡಿಯಲ್ಲಿದೆ. ಮೆಟ್ಟಿಲು ಕಡಿದಾಗಿದೆ; ಮೊಣಕಾಲು ನೋವಿರುವವರು ಕೆಳಗಿನಿಂದಲೇ ಕೂಗಿದರೆ ಅವರೇ ಇಳಿದು ಬರುತ್ತಾರೆ. ಮೂಲದಲ್ಲಿ ರೇಡಿಯೊ ರಿಪೇರಿ ಅಂಗಡಿ. ಗೋಡೆಯ ತುಂಬ ವಾಲ್ವ್ ರೇಡಿಯೊಗಳ ಮರದ ಪೆಟ್ಟಿಗೆಗಳು, ಟೇಬಲ್ಲಿನ ಮೇಲೆ ಬೆಸುಗೆಯ ವಾಸನೆ. ಅಂಗಡಿಯವರಿಗೆ ಐವತ್ತೈದರ ಹತ್ತಿರ ವಯಸ್ಸು, ಮಾತು ಕಡಿಮೆ. ಪ್ಲೇಟನ್ನು ನನ್ನ ಕೈಯಿಂದ ತೆಗೆದುಕೊಂಡ ರೀತಿಗೇ ನನ್ನ ಅರ್ಧ ಭಯ ಹೋಯಿತು: ಎರಡೂ ಅಂಗೈ ಅಂಚಿಗೆ ಆನಿಸಿ, ಮುಖದ ಮೇಲೆ ಒಂದು ಬೆರಳೂ ತಾಗದಂತೆ. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು, ‘ಒಂದು ಬದಿ ಬದುಕಿದೆ, ಇನ್ನೊಂದನ್ನು ಸೂಜಿ ತಿಂದಿದೆ’ ಎಂದರು.

ನಾನು ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿ ನಿವೃತ್ತನಾದವನು. ಯಾರಾದರೂ ಯಂತ್ರದ ಕೆಲಸ ಮಾಡುತ್ತಿದ್ದರೆ ಎದ್ದು ಹೋಗಲು ನನಗೆ ಆಗುವುದಿಲ್ಲ. ಅಂದು ಎರಡು ಗಂಟೆ ಅಲ್ಲೇ ಕುಳಿತೆ. ಅವರು ಬೇಡವೆನ್ನಲಿಲ್ಲ.

ಈ ಪ್ಲೇಟುಗಳು ಪ್ಲಾಸ್ಟಿಕ್ ಅಲ್ಲ, ಅರಗಿನವು. ಅರಗಿನ ಹುಳು ಕೊಡುವ ಅರಗಿಗೆ ಕಲ್ಲಿನ ಪುಡಿ ಕೂಡಿಸಿ ಒತ್ತಿದ್ದು. ಹಾಗಾಗಿಯೇ ಅಷ್ಟು ಭಾರ, ಕೈಜಾರಿದರೆ ಹಂಚಿನಂತೆ ಚೂರು. ಸ್ಪಿರಿಟ್ ಹಾಕಿ ಒರೆಸಿದರೆ ಅರಗು ಕರಗಿ ಹಾಡೇ ಅಳಿಸಿಹೋಗುತ್ತದೆ. ಅವರು ಬ್ಯಾಟರಿಗೆ ಹಾಕುವ ಶುದ್ಧ ನೀರಿಗೆ ಒಂದು ಹನಿ ಸೌಮ್ಯ ಸೋಪು ಬೆರೆಸಿ, ಮೃದುವಾದ ಬ್ರಷ್‌ನಿಂದ ಗೆರೆಯ ಗುಂಟ, ಸುತ್ತಿನ ದಿಕ್ಕಿನಲ್ಲೇ ತೊಳೆದರು. ನಡುವಿನ ಕಾಗದಕ್ಕೆ ಒಂದು ತೊಟ್ಟೂ ತಾಗಲಿಲ್ಲ. ಎಂಬತ್ತು ವರ್ಷದ ಅಡುಗೆಮನೆಯ ಹೊಗೆ ನೀರಿನಲ್ಲಿ ಚಹಾದ ಬಣ್ಣವಾಗಿ ಇಳಿಯಿತು. ಆಮೇಲೆ ಪಾತ್ರೆ ಜಾಲರಿಯಲ್ಲಿ ತಟ್ಟೆ ನಿಲ್ಲಿಸುವಂತೆ ನಿಲ್ಲಿಸಿ ಒಣಗಲು ಬಿಟ್ಟರು.

ಇನ್ನು ಸೂಜಿ. ನಂತರ ಬಂದ ಎಲ್‌ಪಿ ಪ್ಲೇಟುಗಳ ಗೆರೆ ಸಣ್ಣ, ಅದರ ಸೂಜಿಯ ಮೊನೆ ಸುಮಾರು 25 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು). ಈ ಹಳೆಯ ಪ್ಲೇಟುಗಳ ಗೆರೆ ಅಗಲ; ಅದಕ್ಕೆ 75 ಮೈಕ್ರಾನ್ ಆಸುಪಾಸಿನ ಮೊನೆ ಬೇಕು. ಸಣ್ಣ ಸೂಜಿ ಹಾಕಿದರೆ ಅದು ಗೆರೆಯ ಗೋಡೆಗೆ ಆನಿಕೊಳ್ಳದೆ ತಳಕ್ಕೆ ಬಿದ್ದು, ಅಲ್ಲಿರುವ ಧೂಳು ಮತ್ತು ಗಾಯದ ಮೇಲೆ ತೆವಳುತ್ತದೆ. ಮೊದಲಿನ ಜಾಗದಲ್ಲಿ ಆದದ್ದು ಇದೇ. ಅಲ್ಲಿ ನಾನು ದುಡ್ಡು ಕೊಟ್ಟು ಕೇಳಿಸಿಕೊಂಡದ್ದು ಚರಂಡಿಯ ತಳವನ್ನು, ಹರಿಯುವ ನೀರನ್ನಲ್ಲ. ಇವರಲ್ಲಿ ಮೂರು ಅಳತೆಯ ಸೂಜಿಗಳಿದ್ದವು. ಮೂರನ್ನೂ ಹಚ್ಚಿ ಕೇಳಿ, ನಡುವಿನದನ್ನು ಆರಿಸಿದರು. ಹಿಂದಿನ ಕಾಲದ ಗ್ರಾಮಫೋನಿನ ತಲೆ ನೂರು ಗ್ರಾಂಗೂ ಹೆಚ್ಚು ಭಾರ ಹಾಕಿ ಉಕ್ಕಿನ ಮೊಳೆಯಿಂದ ಪ್ಲೇಟನ್ನು ಉಳುತ್ತಿತ್ತು. ಇವರ ಯಂತ್ರದಲ್ಲಿ ಸೂಜಿ ಹಿಡಿದ ತೋಳು ಹಾಕುವ ಭಾರ ನಾಲ್ಕು ಗ್ರಾಂ.

ತಿರುಗಲು ಬಿಟ್ಟಾಗ ತೋಳು ಒಳಕ್ಕೂ ಹೊರಕ್ಕೂ ಸಣ್ಣಗೆ ತೂಗುತ್ತಿತ್ತು. ನಾನು ತಕ್ಷಣ ಗುರುತಿಸಿದೆ. ಲೇತ್ ಯಂತ್ರದ ಚಕ್ಕಿನ ಹಿಡಿತದಲ್ಲಿ ಲೋಹದ ತುಂಡು ನಡುಮಧ್ಯಕ್ಕೆ ಕೂರದಿದ್ದರೆ ಹೀಗೆಯೇ ಓಡುತ್ತದೆ. ಪ್ಲೇಟಿನ ತೂತು ಮಧ್ಯದಲ್ಲಿರಲಿಲ್ಲ, ಹಾಗಾಗಿ ಸ್ವರ ಒಂದೊಂದು ಸುತ್ತಿಗೂ ಏರಿ ಇಳಿಯುತ್ತಿತ್ತು. ಅವರು ನಡುವಿನ ಕಡ್ಡಿ ತೆಗೆದು, ಪ್ಲೇಟನ್ನು ಬೆರಳಿನಿಂದ ತಟ್ಟಿ ತಟ್ಟಿ ಸರಿಸಿ, ತೋಳು ನಿಲ್ಲುವವರೆಗೂ ನೋಡಿದರು. ನಾವು ವರ್ಕ್‌ಶಾಪಿನಲ್ಲಿ ಮರದ ಸುತ್ತಿಗೆಯಿಂದ ಮಾಡುತ್ತಿದ್ದುದನ್ನು ಇವರು ಉಗುರಿನಿಂದ ಮಾಡಿದರು. ವೇಗಕ್ಕೂ ಒಂದು ಉಪಾಯವಿದೆ: 77 ಗೆರೆ ಬರೆದ ಕಾಗದದ ಚಕ್ರ. ನಮ್ಮ 50 ಸೈಕಲ್ ಕರೆಂಟಿನ ನಿಯಾನ್ ದೀಪದ ಕೆಳಗೆ ಆ ಗೆರೆಗಳು ನಿಂತಂತೆ ಕಂಡರೆ ಪ್ಲೇಟು ನಿಮಿಷಕ್ಕೆ 78 ಸುತ್ತಿನ ವೇಗದಲ್ಲಿದೆ ಎಂದು ಅರ್ಥ. ಗೆರೆಗಳು ನಿಂತವು. ಹೀಗೆ ಕೆಲಸ ಮಾಡುವವರನ್ನು ಕಂಡು ಬಹಳ ವರ್ಷಗಳಾಗಿದ್ದವು.

ಐದು ದಿನವೆಂದವರು ಹನ್ನೆರಡು ದಿನ ತೆಗೆದುಕೊಂಡರು. ಪೆನ್‌ಡ್ರೈವ್ ತಂದು, ರಾತ್ರಿ ಹೆಡ್‌ಫೋನ್ ಹಾಕಿಕೊಂಡು ಕುಳಿತೆ. ಗರಗರ ಎಂಬುದು ಇಲ್ಲವೇ ಇಲ್ಲ. ದನಿ ಶುಭ್ರ. ಮೊದಲ ಬಾರಿಗೆ ಕೇಳಿದಾಗ ಕಣ್ಣು ತುಂಬಿತು. ಎರಡನೆಯ ಬಾರಿಗೆ ಏನೋ ಸರಿಯಿಲ್ಲ ಎನ್ನಿಸಿತು. ಮೂರನೆಯ ಬಾರಿಗೆ ಸಿಕ್ಕಿತು. ‘ಕಶಾಲಾ’ ಎಂಬಲ್ಲಿ ‘ಶ’ ಮೊಂಡಾಗಿ, ಬಟ್ಟೆಯ ಹಿಂದಿನಿಂದ ಹೇಳಿದಂತಿತ್ತು. ಸಾಲು ಸಾಲಿನ ನಡುವೆ ಆಕೆ ಉಸಿರನ್ನೇ ತೆಗೆದುಕೊಳ್ಳುತ್ತಿರಲಿಲ್ಲ. ಉಸಿರಿಲ್ಲದೆ ಹಾಡುವವರು ಯಾರು? ಕಂಪ್ಯೂಟರಿನಲ್ಲಿ ಗರಗರ ತೆಗೆಯುವಾಗ ‘ಶ’, ‘ಸ’, ‘ಚ’ ಮತ್ತು ಉಸಿರು, ಇವೆಲ್ಲವೂ ಅದೇ ಗಾಳಿಯ ಸದ್ದೆಂದು ಯಂತ್ರ ಎಣಿಸಿ, ಕಳೆಯ ಜೊತೆಗೆ ಪೈರನ್ನೂ ಕಿತ್ತುಹಾಕಿತ್ತು.

ಇನ್ನೊಂದು ತಪ್ಪು ಇದಕ್ಕಿಂತ ಹೆಚ್ಚು ನೋಯಿಸಿತು. ಕಡತದ ಹೆಸರು ನೋಡಿದರೆ ‘ಶಾಂತಾ ಆಪ್ಟೆ’ ಎಂದಿತ್ತು.

ಈ ತಪ್ಪು ಹೊಸದಲ್ಲ. ಪುಣೆಯ ಪ್ರಭಾತ್ ಸಿನಿಮಾ ಕಂಪನಿಯಲ್ಲಿ ಆಗ ಇಬ್ಬರು ಶಾಂತಾ ಇದ್ದರು. ಶಾಂತಾ ಆಪ್ಟೆ ದೊಡ್ಡ ನಟಿ, ದೊಡ್ಡ ಗಾಯಕಿ, ಅವರ ಬಗ್ಗೆ ನನಗೆ ಗೌರವವಿದೆ. ಆದರೆ ಈ ಹಾಡು ಶಾಂತಾ ಹುಬಳೀಕರ್ ಅವರದು. ಹೆಸರಿನಲ್ಲೇ ನಮ್ಮ ಊರನ್ನು ಹೊತ್ತು ತಿರುಗಿದವರ ಹೆಸರನ್ನು ಹುಬ್ಬಳ್ಳಿಯ ಅಂಗಡಿಯೇ ತಪ್ಪಿದರೆ ಹೇಗೆ?

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಶಾಂತಾ ಹುಬಳೀಕರ್ 1914ರಲ್ಲಿ ಹುಟ್ಟಿದ್ದು ಇಲ್ಲೇ ಹುಬ್ಬಳ್ಳಿ ತಾಲ್ಲೂಕಿನ ಅದರಗುಂಚಿಯಲ್ಲಿ. ಮನೆಮಾತು ಕನ್ನಡ, ಬದುಕು ಕಟ್ಟಿಕೊಂಡದ್ದು ಮರಾಠಿಯಲ್ಲಿ. ಪ್ರಭಾತ್ ಎಂದರೆ ಆಗ ಸಣ್ಣ ಮಾತಲ್ಲ. ಕೊಲ್ಹಾಪುರದಲ್ಲಿ 1929ರಲ್ಲಿ ಶುರುವಾಗಿ, 1933ರಲ್ಲಿ ಪುಣೆಗೆ ಬಂದ ಕಂಪನಿ. ಸಂತ ತುಕಾರಾಮರ ಚಿತ್ರ ಮಾಡಿ ಇಡೀ ದೇಶದಲ್ಲಿ ಹೆಸರಾಗಿತ್ತು. ಆಗಿನ ಸ್ಟುಡಿಯೊಗಳು ನಮ್ಮ ವರ್ಕ್‌ಶಾಪಿನ ಹಾಗೆ: ನಟರಿಗೂ ತಿಂಗಳ ಸಂಬಳ, ಬಡಗಿ, ಬಣ್ಣದವರು, ವಾದ್ಯದವರು, ನಾಯಕಿ ಎಲ್ಲರೂ ಒಂದೇ ಆವರಣದೊಳಗೆ ಕೆಲಸ ಮಾಡಬೇಕು. ಆ ಆವರಣದಲ್ಲೇ ಇಂದು ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಇದೆ. ಅಂಥ ಕಡೆ ಅದರಗುಂಚಿಯ ಹೆಣ್ಣುಮಗಳು 1938ರಲ್ಲಿ ‘ಮಾಝಾ ಮುಲಗಾ’ ಚಿತ್ರದಲ್ಲಿ ನಟಿಸಿದರು. ಮರುವರ್ಷ ವಿ. ಶಾಂತಾರಾಂ ಅವರ ‘ಮಾಣೂಸ್’ ಬಂತು. ಅದನ್ನೇ ಹಿಂದಿಯಲ್ಲಿ ‘ಆದ್ಮಿ’ ಎಂದು ತೆಗೆದರು.

ಚಿತ್ರದಲ್ಲಿ ಆಕೆ ಮೈನಾ, ವೇಶ್ಯೆ. ಶಾಹೂ ಮೋಡಕ್ ಪೊಲೀಸ್ ಪೇದೆ ಗಣಪತ್. ಪೇದೆ ಅವಳನ್ನು ದಾಳಿಯೊಂದರಿಂದ ಪಾರು ಮಾಡುತ್ತಾನೆ, ಪ್ರೀತಿಸುತ್ತಾನೆ, ತಾಯಿಯ ಮುಂದೆ ನಿಲ್ಲಿಸಲು ಒಯ್ಯುತ್ತಾನೆ. ಅವಳಿಂದ ಆ ಹೊಸ್ತಿಲು ದಾಟಲು ಆಗುವುದಿಲ್ಲ. ಅದಕ್ಕೆ ನಾಲ್ಕು ವರ್ಷ ಮೊದಲು ‘ದೇವದಾಸ್’ ಚಿತ್ರದ ನಾಯಕ ಪ್ರೀತಿ ಮುರಿದು, ಕುಡಿದು ಕುಡಿದು ಸತ್ತು ನಾಡೆಲ್ಲ ಅತ್ತಿತ್ತು. ಪ್ರೀತಿ ಮುರಿದರೆ ಸಾಯಬೇಕಾಗಿಲ್ಲ, ನಾಳೆ ಬೆಳಿಗ್ಗೆ ಎದ್ದು ಡ್ಯೂಟಿಗೆ ಹೋಗಬೇಕು ಎಂದು ಹೇಳುವುದಕ್ಕೆ ಶಾಂತಾರಾಂ ಈ ಚಿತ್ರ ತೆಗೆದರು. ಮಾಸ್ಟರ್ ಕೃಷ್ಣರಾವ್ ಅವರ ಸಂಗೀತ. ಗಿರಾಕಿಗಳ ಮುಂದೆ ಮೈನಾ ಹಾಡುವ ಹಾಡು ‘ಕಶಾಲಾ ಉದ್ಯಾಚೀ ಬಾತ್’. ದೃಶ್ಯವನ್ನು ಮೊಬೈಲ್‌ನಲ್ಲಿ ಎಷ್ಟೋ ಸಲ ನೋಡಿದ್ದೇನೆ. ಆಕೆಯ ಬಾಯಿ ನಗುತ್ತದೆ, ಕಣ್ಣು ಲೆಕ್ಕ ಹಾಕುತ್ತಿರುತ್ತದೆ. ದಿನದ ಪಾಳಿ ಮುಗಿಸಿ ಹೊರಬರುವವರ ಕಣ್ಣುಗಳಲ್ಲಿ ನಾನು ಕಂಡಿರುವ ದಣಿವು ಅದು. ಆಗ ಆಕೆಗೆ ಇಪ್ಪತ್ತೈದು ವರ್ಷ.

ಅದೇ 1939ರಲ್ಲಿ ಇನ್ನೊಂದು ಕಡೆ, ಮುಂಬಯಿಯ ಬಾಂಬೆ ಟಾಕೀಸ್‌ನಲ್ಲಿ, ‘ಕಂಗನ್’ ಚಿತ್ರದಲ್ಲಿ ಅಶೋಕ್ ಕುಮಾರ್ ಎದುರು ನಾಯಕಿಯಾದವರು ಲೀಲಾ ಚಿಟ್ನಿಸ್. ಅವರು ಹುಟ್ಟಿದ್ದು ಧಾರವಾಡದಲ್ಲಿ. ಬಿ.ಎ. ಓದಿದ ನಾಯಕಿ ಎಂದು ಆಗ ದೊಡ್ಡ ಸುದ್ದಿ. ಮುಂದೆ ‘ಆವಾರಾ’ದ ತಾಯಿಯಾಗಿ ನಮಗೆಲ್ಲ ಪರಿಚಯವಾದ ಮುಖ. ಒಂದೇ ವರ್ಷ, ದೇಶದ ಎರಡು ದೊಡ್ಡ ಸ್ಟುಡಿಯೊಗಳ ಎರಡು ದೊಡ್ಡ ಚಿತ್ರಗಳು, ನಾಯಕಿಯರಲ್ಲಿ ಒಬ್ಬರು ಹುಬ್ಬಳ್ಳಿಯ ಕಡೆಯವರು, ಒಬ್ಬರು ಧಾರವಾಡದವರು. ನಮ್ಮ ಅವಳಿ ನಗರದಲ್ಲಿ ಗಂಗೂಬಾಯಿಯವರ ಹೆಸರು, ಬೇಂದ್ರೆಯವರ ಹೆಸರು ಎಲ್ಲರ ನಾಲಗೆಯ ಮೇಲಿದೆ, ಇರಲೇಬೇಕು. ಆ ಸಾಲಿನಲ್ಲಿ ಈ ಇಬ್ಬರಿಗೂ ಜಾಗ ಬೇಕು ಎಂದು ನಾನು ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿರುತ್ತೇನೆ.

ಶಾಂತಾ ಅವರು ಕನ್ನಡಕ್ಕೂ ಬಂದರು. 1942ರಲ್ಲಿ ಗುಬ್ಬಿ ವೀರಣ್ಣನವರು ತೆಗೆದ ‘ಜೀವನ ನಾಟಕ’ದ ನಾಯಕಿ ಅವರೇ. ಕೊನೆಗಾಲದಲ್ಲಿ ವೃದ್ಧಾಶ್ರಮ ಸೇರಬೇಕಾಯಿತು, ಅಲ್ಲಿಂದ ಮತ್ತೆ ಜನರ ಕಣ್ಣಿಗೆ ಬಿದ್ದರು, ಮರಾಠಿಯಲ್ಲಿ ಆತ್ಮಕಥೆ ಬರೆದು ಅದಕ್ಕೆ ಈ ಹಾಡಿನ ಹೆಸರನ್ನೇ ಇಟ್ಟರು, 1992ರಲ್ಲಿ ತೀರಿಕೊಂಡರು. ಇದನ್ನು ನಾನು ಬೇಕೆಂದೇ ಬೇಗ ಮುಗಿಸುತ್ತಿದ್ದೇನೆ. ಆಕೆಯ ಮಾತು ಬಂದರೆ ಸಾಕು, ಜನ ವೃದ್ಧಾಶ್ರಮದಿಂದಲೇ ಶುರು ಮಾಡುತ್ತಾರೆ, ಅಯ್ಯೋ ಪಾಪ ಎಂದು ಮುಗಿಸುತ್ತಾರೆ. ಅಯ್ಯೋ ಪಾಪ ಎನ್ನಿಸಿಕೊಳ್ಳುವ ಹೆಂಗಸಿನ ದನಿ ಇದಲ್ಲ. ತನ್ನ ಕಸುಬು ಪೂರ್ತಿ ಬಲ್ಲವರ ದನಿ. ಹಿನ್ನೆಲೆ ಗಾಯಕರ ಆಸರೆ ಇಲ್ಲದೆ ತಾನೇ ನಟಿಸಿ ತಾನೇ ಹಾಡಿ, ಮೂರು ಚಿಲ್ಲರೆ ನಿಮಿಷದ ಪ್ಲೇಟಿಗೆ ಒಂದೂ ಸ್ವರ ಹೆಚ್ಚು ಕಡಿಮೆಯಾಗದಂತೆ ಕೂರಿಸಿದವರ ದನಿ. ಅದಕ್ಕೇ ನನಗೆ ಆ ಉಸಿರು ಬೇಕಾಗಿತ್ತು. ಎಲ್ಲಿ ಉಸಿರು ತೆಗೆದುಕೊಂಡರು, ಎಷ್ಟು ತೆಗೆದುಕೊಂಡರು ಎಂಬುದರಲ್ಲೇ ಕೆಲಸಗಾರರ ಕೈ ಕಾಣುತ್ತದೆ.

ಮತ್ತೆ ಮೆಟ್ಟಿಲು ಹತ್ತಿದೆ. ಹೇಳಿದ್ದಕ್ಕೆ ಅಂಗಡಿಯವರು ಸಿಟ್ಟಾಗಲಿಲ್ಲ. ಗಿರಾಕಿಗಳು ಗರಗರ ಕೇಳಿದರೆ ಕೆಲಸ ಕೆಟ್ಟಿದೆ ಎನ್ನುತ್ತಾರೆ, ಹಾಗಾಗಿ ಎಲ್ಲರಿಗೂ ತೆಗೆದೇ ಕೊಡುತ್ತೇನೆ ಎಂದರು. ಅದೂ ನಿಜವೇ. ಪುಣ್ಯಕ್ಕೆ ಮೊದಲು ಇಳಿಸಿಕೊಂಡ ಕಚ್ಚಾ ಪ್ರತಿಯನ್ನು ಅಳಿಸಿರಲಿಲ್ಲ. ಅದನ್ನೇ ಸ್ಪೀಕರಿಗೆ ಹಚ್ಚಿದರು. ಗರಗರ ಇತ್ತು, ಜೋಳ ಕೇರುವ ಮೊರದಂಥ ಒಂದೇ ಸಮನಾದ ಸದ್ದು. ಅರ್ಧ ನಿಮಿಷದಲ್ಲಿ ಕಿವಿ ಅದನ್ನು ಬದಿಗಿಟ್ಟಿತು. ಆಮೇಲೆ ‘ಶ’ ತನ್ನ ಮೊನೆಯೊಂದಿಗೆ ಬಂತು. ಪಲ್ಲವಿಗೆ ಮರಳುವ ಮುನ್ನ, ತಬಲಾದ ಎರಡು ಪೆಟ್ಟಿನ ನಡುವೆ, ಮೂಗಿನಿಂದ ಚಿಕ್ಕದೊಂದು ಉಸಿರು ಕೇಳಿಸಿತು. ಕದ್ದು ತೆಗೆದುಕೊಂಡಂಥದು. ಅಂಗಡಿಯವರು ಕೈಯಲ್ಲಿದ್ದ ಬೆಸುಗೆಯ ಕಡ್ಡಿ ಕೆಳಗಿಟ್ಟು, ಅದೇ ಜಾಗವನ್ನು ಮತ್ತೊಮ್ಮೆ ಹಾಕಿದರು. ನಾವಿಬ್ಬರೂ ಮಾತಾಡಲಿಲ್ಲ. ಕೊನೆಗೆ ಅವರು ದೊಡ್ಡ ಟಿಕ್ಕು ಟಿಕ್ಕುಗಳನ್ನು ಮಾತ್ರ ಒಂದೊಂದಾಗಿ ಕೈಯಿಂದ ತೆಗೆದು, ಉಳಿದುದನ್ನು ಮುಟ್ಟದೆ ಹೊಸ ಪ್ರತಿ ಮಾಡಿದರು. ಹೆಸರನ್ನು ನಾನೇ ಚೀಟಿಯಲ್ಲಿ ಬರೆದುಕೊಟ್ಟೆ: ಶಾಂತಾ ಹುಬಳೀಕರ್, ಮಾಣೂಸ್, 1939.

ನೀವು ಹೇಳಬೇಕಾದ ಎರಡು ಮಾತು ಇವೇ. ಗರಗರ ತೆಗೆಯದ ಕಚ್ಚಾ ಪ್ರತಿಯನ್ನೂ ಕೊಡಿ ಎಂದು ಮೊದಲ ದಿನವೇ ಕೇಳಿ. ಹಾಡಿದವರ ಹೆಸರನ್ನು ನೀವೇ ಬರೆದುಕೊಡಿ.

ದರ ಒಂದು ಬದಿಗೆ 250 ರೂಪಾಯಿ, ತೊಳೆಯುವುದೂ ಸೇರಿ. ಎರಡನೆಯ ಸಲದ ಕೆಲಸಕ್ಕೆ ಬಿಡಿಗಾಸೂ ತೆಗೆದುಕೊಳ್ಳಲಿಲ್ಲ. ಹಾಳಾದ ಬದಿಗೂ ದುಡ್ಡು ಬೇಡವೆಂದರು. ರಸೀದಿ ಕೊಡುವ ಪದ್ಧತಿ ಇಲ್ಲ, ಅದು ನನಗೆ ಹಿಡಿಸಲಿಲ್ಲ. ಅಜ್ಜನ ಕಾಲದ ವಸ್ತು ಬಿಟ್ಟು ಬರುವವರ ಕೈಯಲ್ಲಿ ಒಂದು ಚೀಟಿಯಾದರೂ ಇರಬೇಕು. ನಾನು ಪ್ಲೇಟಿನ ಫೋಟೊ ತೆಗೆದುಕೊಂಡು ಬಂದಿದ್ದೆ, ನೀವೂ ಹಾಗೆ ಮಾಡಿ. ಹೇಳಿದ ದಿನಕ್ಕೆ ಕೆಲಸ ಆಗುವುದಿಲ್ಲ. ಫೋನ್ ಎತ್ತುವುದು ಅಪರೂಪ. ಬೆಳಿಗ್ಗೆ ಹನ್ನೊಂದರ ಮೊದಲು ಬಾಗಿಲು ತೆರೆಯುವುದಿಲ್ಲ. ಗಾಡಿ ನಿಲ್ಲಿಸಲು ಗಲ್ಲಿಯಲ್ಲಿ ಜಾಗವಿಲ್ಲ, ಬಸ್ಸಿನಲ್ಲಿ ಹೋಗುವುದೇ ಒಳ್ಳೆಯದು. ಆದರೆ ಪ್ಲೇಟನ್ನು ಚೀಲದಲ್ಲಿ ಮಲಗಿಸಿ ಒಯ್ಯಬೇಡಿ. ಎರಡು ರಟ್ಟಿನ ನಡುವೆ ನಿಲ್ಲಿಸಿ, ಎದೆಗೆ ಹಿಡಿದುಕೊಂಡು ಕುಳಿತುಕೊಳ್ಳಿ.

ಕಳೆದ ಭಾನುವಾರ ಪೆನ್‌ಡ್ರೈವ್ ಕಿಸೆಯಲ್ಲಿಟ್ಟುಕೊಂಡು ಅಕ್ಕನ ಮನೆಗೆ ಹೋದೆ. ಅಕ್ಕನನ್ನು ಕೊಟ್ಟಿರುವುದು ಅದರಗುಂಚಿಗೇ. ನಲವತ್ತೆಂಟು ವರ್ಷದಿಂದ ಅಲ್ಲಿದ್ದಾಳೆ. ಅವ್ವ ಹಾಡುತ್ತಿದ್ದ ಹಾಡಿನವರು ಇದೇ ಊರಲ್ಲಿ ಹುಟ್ಟಿದವರೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಪಡಸಾಲೆಯಲ್ಲಿ ಕಡಲೆ ಹಸನು ಮಾಡುತ್ತ ಕುಳಿತಿದ್ದಳು. ಮೊಮ್ಮಗನ ಸ್ಪೀಕರಿಗೆ ಪೆನ್‌ಡ್ರೈವ್ ಸಿಕ್ಕಿಸಿ ಹಾಡು ಹಚ್ಚಿದೆ. ಮೊದಲ ಸಾಲಿಗೇ ಅವಳ ಕೈ ಮೊರದಲ್ಲಿ ನಿಂತಿತು. ಹಾಡು ಮುಗಿಯುವ ತನಕ ತಲೆ ಎತ್ತಲಿಲ್ಲ. ಆಮೇಲೆ, ಅವ್ವ ‘ಬಾತ್’ ಎನ್ನುವಲ್ಲಿ ಇನ್ನೂ ಉದ್ದಕ್ಕೆ ಎಳೆಯುತ್ತಿದ್ದಳು, ಈಕೆ ಬೇಗ ಬಿಡುತ್ತಾರೆ ಎಂದಳು. ಈಕೆಯದೇ ಮೂಲ ಹಾಡು ಅಕ್ಕ ಎಂದೆ. ಇರಲಿ ಎಂದಳು. ಸ್ವಲ್ಪ ಹೊತ್ತಿನ ಮೇಲೆ, ‘ಯಾವ ಓಣಿಯವರಂತೆ?’ ಎಂದು ಕೇಳಿ, ಉತ್ತರಕ್ಕೂ ಕಾಯದೆ ಪಕ್ಕದ ಮನೆಯ ಮುದುಕಿಯನ್ನು ಕರೆಯಲು ಎದ್ದು ಹೋದಳು.